ಅವ್ವನ ಅಮಾವಾಸ್ಯೆಯ ಗುಳಿಗೆ

ಇಂದು ಮೈತುಂಬ ಪಿತ್ತದ ಗಂಧೆ ಎದ್ದು, ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ರಾಯಚೂರಿನ ಔಷಧ ಅಂಗಡಿಯಲ್ಲಿ ನಿಂತಾಗ ಮಾನ್ವಿಯ ಅಕ್ಕಿ ಮಿಲ್ಲು ನೆನಪಾಯಿತು. ಅವ್ವ ಅಲ್ಲಿ ಮಷೀನಿಗೆ ಭತ್ತ ಸುರಿಯುತ್ತಿದ್ದಳು. ತೌಡಿನ ಧೂಳಿಗೆ ದಿನವೂ ಅವಳ ಮೈಮೇಲೆ ಇಂಥವೇ ದದ್ದುಗಳು ಏಳುತ್ತಿದ್ದವು. ಸಂಜೆ ನಾನು ಒರಟು ಕಂಬಳಿಯಿಂದ ಬೆನ್ನುಜ್ಜುತ್ತಿದ್ದೆ. ಡಾಕ್ಟರು ಕೊಟ್ಟ ಗುಳಿಗೆ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

"ಗುಳಿಗಿ ತಗೋ ಬೇ ಯವ್ವಾ," ಎಂದರೆ, "ತಗೊಂಡ್ರ ನಿದ್ದಿ ಬರ್ತದ. ಮಷೀನ್ ಮುಂದ ತೂಕಡಿಸಿದ್ರ ಕೈ ಹೋಗ್ತದ," ಎನ್ನುತ್ತಿದ್ದಳು.

ಅಮಾವಾಸ್ಯೆಗೆ ಮಿಲ್ಲು ಬಂದ್. ಅಂದು ಮಾತ್ರ ಗುಳಿಗೆ ನುಂಗಿ ದಿನವಿಡೀ ಮಲಗುತ್ತಿದ್ದಳು. ಅಮಾವಾಸ್ಯೆಯೆಂದರೆ ಅವ್ವಂದಿರು ಮಲಗುವ ಹಬ್ಬವೆಂದೇ ನಾನು ತಿಳಿದಿದ್ದೆ.

"ಇದು ಹೊಸಾದ್ರೀ, ನಿದ್ದಿ ಬರಂಗಿಲ್ಲ," ಎಂದು ಅಂಗಡಿಯವನು ಗುಳಿಗೆ ಮುಂದಿಟ್ಟ.

"ನಿದ್ದಿ ಬರೋದೇ ಕೊಡ್ರಿ," ಎಂದೆ.