ದೋಣಿಯಿಂದ ಇಳಿದವರು ಯಾರು

ತಿಪ್ಪೇಸ್ವಾಮಿಯವರೇ, ಆವತ್ತು ನೀವು ಹೇಳಿದ್ದೇ ಸರಿ. ನಾನು ಹೇಳಿದ್ದು ಸುಳ್ಳು — ಒಂದಲ್ಲ ಎರಡಲ್ಲ, ಮೂರು ಗಂಟೆಯುದ್ದದ ಸುಳ್ಳು.

ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ಬಿ.ಜಿ. ಕೆರೆಯ ಹುಡುಗರು ಚಳ್ಳಕೆರೆಯಿಂದ ಟಿವಿ, ವಿಸಿಆರ್ ಬಾಡಿಗೆಗೆ ತಂದು, ಭಾನುವಾರ ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಇಂಗ್ಲಿಷ್ ಯುದ್ಧದ ಸಿನಿಮಾ ಹಾಕಿದರು. ಮಹಾಯುದ್ಧದಲ್ಲಿ ಫ್ರಾನ್ಸಿನ ಕಡಲತೀರಕ್ಕೆ ಸಾವಿರಾರು ದೋಣಿಗಳಲ್ಲಿ ಸೈನ್ಯ ನುಗ್ಗಿದ ಕಥೆ. ನಾನು ಇಂಗ್ಲಿಷ್ ಮೇಷ್ಟ್ರು. ಮೈಕ್ ಹಿಡಿದು ಕನ್ನಡದಲ್ಲಿ ವಿವರಿಸುವ ಕೆಲಸ ನನ್ನದು. ವ್ಯಾಕರಣವೇನೋ ಬರುತ್ತಿತ್ತು. ಆದರೆ ಆ ಸಿಪಾಯಿಗಳ ಬಾಯಿಂದ ಉದುರುತ್ತಿದ್ದ ಇಂಗ್ಲಿಷ್ — ಹೇಗೆ ಹೇಳಲಿ — ಒಂದು ಮಾತೂ ತಲೆಗೆ ಹತ್ತಲಿಲ್ಲ.

ಊಹಿಸಿದೆ. ದುರ್ಗದ ಸೀಮೆಯವನಲ್ಲವೇ — ಕೋಟೆಯೊಳಗಿನವರು ನಮ್ಮವರು, ಹೊರಗಿನಿಂದ ನುಗ್ಗುವವರು ವೈರಿಗಳು. ಹಾಗೆಯೇ ಹೇಳಿದೆ. ದೋಣಿಯಿಂದ ಇಳಿದ ಒಬ್ಬೊಬ್ಬ ಬಿದ್ದಾಗಲೂ ಜನ ಶಿಳ್ಳೆ ಹೊಡೆದರು.

ಮಿಲ್ಟ್ರಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದಿದ್ದ ನೀವು ಹಿಂದಿನ ಸಾಲಿನಲ್ಲಿ ಎದ್ದು ನಿಂತಿರಿ.

"ಮೇಷ್ಟ್ರೇ, ಉಲ್ಟಾ ಆಗೈತ್ರಿ. ಟ್ರೈನಿಂಗಿನಾಗೆ ನಮಗೆ ಇದ್ನೇ ಪಾಠ ಮಾಡಿದ್ರು. ದೋಣಿಯಾಗೆ ಬಂದೋರು ಬಿಡ್ಸಾಕೆ ಬಂದೋರು. ಒಳಗೆ ಕುಂತೋರೇ ಕಂಡೋರ ನೆಲ ಹಿಡ್ಕಂಡೋರು."

ಆ ಕ್ಷಣವೇ ಗೊತ್ತಾಯಿತು, ನೀವೇ ಸರಿ ಎಂದು. ಆದರೂ ಮೈಕಿನಲ್ಲೇ ಕೇಳಿದೆ: "ನೀವು ಎಷ್ಟನೇ ಕ್ಲಾಸಿನವರೆಗೆ ಇಂಗ್ಲಿಷ್ ಓದೀರಿ?"

ಕೋಣೆಯೆಲ್ಲ ನಕ್ಕಿತು. ನೀವು ಕುಳಿತುಬಿಟ್ಟಿರಿ. ಕೊನೆಗೆ ದೋಣಿಯವರೇ ಗೆದ್ದು ಬಾವುಟ ಏರಿಸಿದಾಗ "ಮೋಸದಿಂದ ಗೆದ್ದರು" ಎಂದುಬಿಟ್ಟೆ. ಹೆಂಗಸರು ಲೊಚಗುಟ್ಟಿದರು, ಒಬ್ಬ ಅಜ್ಜಿ ದೋಣಿಯವರಿಗೆ ಹಿಡಿಶಾಪ ಹಾಕಿದಳು.

ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆದರೆ ಆಮೇಲೆ — ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ನೀವು ಗಡಿಯ ಕಥೆ ಶುರು ಮಾಡಿದರೆ ಸಾಕು, ಹುಡುಗರು "ಇಂಗ್ಲಿಷ್‌ನಾಗೆ ಹೇಳ್ರಿ ಮಿಲ್ಟ್ರಿ ಮಾವ" ಎನ್ನುತ್ತಿದ್ದರು. ಕೆಲವು ತಿಂಗಳಲ್ಲಿ ನೀವು ಕಥೆ ಹೇಳುವುದನ್ನೇ ಬಿಟ್ಟಿರಿ. ನಾನು ಪಕ್ಕದ ಬೆಂಚಿನಲ್ಲೇ ಚಹಾ ಕುಡಿಯುತ್ತಿದ್ದೆ.

ಒಮ್ಮೆ ಎಲ್ಲ ಹೇಳಿಬಿಡೋಣವೆಂದು ನಿಮ್ಮ ಮನೆಗೂ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀವು ಮಜ್ಜಿಗೆ ಕೊಟ್ಟು, ಮಗಳನ್ನು ಕರೆದು, "ಇವ್ಳಿಗೂ ನಿಮ್ಮಂಗೆ ಚೂರು ಇಂಗ್ಲಿಷ್ ಕಲಿಸ್ರಿ ಮೇಷ್ಟ್ರೇ" ಎಂದಿರಿ. ಅದರಲ್ಲಿ ಕುಹಕವೇ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮಜ್ಜಿಗೆ ಕುಡಿದು, ತಲೆಯಾಡಿಸಿ ಎದ್ದು ಬಂದೆ.

ಹತ್ತು ವರ್ಷವಾಯಿತು. ನಾಳೆ ಬೆಳಿಗ್ಗೆ ಹೋಟೆಲು ತುಂಬಿರುವಾಗ ಬರುತ್ತೇನೆ. ಎಲ್ಲರೆದುರು ನಿಂತು ಹೇಳುತ್ತೇನೆ. ನೀವು ಎದ್ದು "ಹೋಗ್ಲಿ ಬಿಡ್ರಿ" ಎಂದು ತಡೆಯಬೇಡಿ — ಪೂರ್ತಿ ಹೇಳಲು ಬಿಡಿ.