ಟ್ರೇಯ ತಳದ ಪೀಸು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ತಪಾಸಣೆಯ ಮೇಜಿನ ಮುಂದೆ ನಿಂತವಳು ನಾನು. ಉಕ್ಕಿನ ಪಿನ್ನುಗಳನ್ನು ಬಳೆಯಂಥ ಗೇಜಿನಲ್ಲಿ ತೂರಿಸಿ ನೋಡುವುದು; ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಡಬ್ಬಿ. ಕಾರ್ಖಾನೆ ಮುಚ್ಚಿದಾಗ ಬಂದ ಪರಿಹಾರದ ಹಣವೇ ನನ್ನ ಇಡೀ ಆಸ್ತಿ. ಈಗ ಪಕ್ಕದ ರಸ್ತೆಯ ಶೆಡ್ಡೊಂದರಲ್ಲಿ ಅದೇ ಕೆಲಸ ಸಿಕ್ಕಿದೆ. ಆದರೆ ಮಂಡಿ ಆಗಲೇ ಗೊಣಗುತ್ತಿದೆ, ಹೆಚ್ಚೆಂದರೆ ಇನ್ನು ಹತ್ತು ವರ್ಷ ನಿಲ್ಲಬಲ್ಲೆ. ಆಮೇಲೆ ನನ್ನನ್ನು ಸಾಕಬೇಕಾದ್ದು ಆ ಹಣವೇ.

ಹಣ ಬಂದದ್ದು ಹೇಗೋ ಬೀದಿಗೆಲ್ಲ ಗೊತ್ತಾಗಿತ್ತು. ರಾಜಗೋಪಾಲನಗರದ ನಮ್ಮ ಮನೆ ಓನರ್ ಮೆಟ್ಟಿಲ ಮೇಲೇ ಹಿಡಿದುಕೊಂಡರು.

"ಬ್ಯಾಂಕಲ್ಲಿ ಅಂಗೇ ಮಡಗುದ್ರೆ ಏನ್ ಬತ್ತದಮ್ಮ? ದುಡ್ನೆಲ್ಲ ಒಟ್ಗೆ ಕೊಟ್ಟು ಮೇಲಿನ್ ಮನೆ ಲೀಸ್‌ಗೆ ಆಕ್ಕೊ. ಬಾಡಿಗೇನೇ ಇಲ್ಲ."

ಬಾಡಿಗೆ ಇಲ್ಲ ನಿಜ, ಆದರೆ ಬಿಡುವಾಗ ಕೊಟ್ಟಷ್ಟೇ ವಾಪಸ್ ಬರುವುದಲ್ಲವೇ ಎಂದೆ. ಮುಂದಿನ ಎರಡು ದಿನ ನಮ್ಮ ನಲ್ಲಿಗೆ ನೀರು ತಡವಾಗಿ ಬಂತು.

ಆಮೇಲೆ ಬ್ಯಾಂಕಿನ ಮೇಡಂ ಸರದಿ. "ಲಾರ್ಜ್ ಕ್ಯಾಪ್ ಗ್ರೋತ್ ಫಂಡ್ ಅಂತ. ದೇಶದ ದೊಡ್ಡ ಕಂಪನಿಗಳಲ್ಲೇ ಬೇಗ ಬೆಳೆಯೋವನ್ನ ಆರಿಸಿ ಹಾಕ್ತಾರೆ. ಕಳೆದ ವರ್ಷ ಸಕ್ಕತ್ತಾಗಿ ಮಾಡಿದೆ, ನೋಡಿ" ಎಂದು ಬಣ್ಣದ ಹಾಳೆ ಮುಂದಿಟ್ಟರು. ಜೊತೆಗೊಂದು ಫಾರ್ಮು, ಸಹಿ ಹಾಕಬೇಕಾದ ಕಡೆಯೆಲ್ಲ ಆಗಲೇ ಪೆನ್ಸಿಲ್ ಗುರುತು.

ಆ ಗುರುತು ಕಂಡು ಹಳೆಯ ಟ್ರೇಯೊಂದು ನೆನಪಾಯಿತು. ನಮ್ಮ ಕೆಲಸದಲ್ಲಿ, ಸರಕು ಕಳಿಸುವವರು ಟ್ರೇಯ ಮೇಲುಗಡೆ ಚೆನ್ನಾಗಿರುವ ಪೀಸುಗಳನ್ನೇ ಇಡುತ್ತಾರೆ. ತಳಕ್ಕೆ ಕೈ ಹಾಕಿ ತೆಗೆಯಬೇಕು. ಹಳೆಯ ಕಾರ್ಖಾನೆಯಲ್ಲಿ ಒಂದೇ ಒಂದು ಸಲ ನಾನು ತೆಗೆಯಲಿಲ್ಲ. ತಿಂಗಳ ಕೊನೆ, ಲಾರಿ ಗೇಟಿನಲ್ಲಿ ಕಾಯುತ್ತಿತ್ತು. ಸೂಪರ್‌ವೈಸರ್ "ಮೇಲಿನ್ ನಾಕ್ ನೋಡಿ ಸೈನ್ ಹಾಕಮ್ಮ" ಎಂದರು, ಹಾಕಿದೆ. ಇಡೀ ಲೋಡು ವಾಪಸ್ ಬಂತು, ಆ ಗಿರಾಕಿ ಮತ್ತೆ ಬರಲಿಲ್ಲ. ಕಾರ್ಖಾನೆ ಮುಚ್ಚಿದ್ದಕ್ಕೆ ಜನ ನೂರು ಕಾರಣ ಹೇಳುತ್ತಾರೆ. ಅದರಲ್ಲೊಂದು ನನ್ನ ಸಹಿ ಎಂಬ ನಾಚಿಕೆ ನನಗೆ ಇವತ್ತಿಗೂ ಇದೆ.

"ಕೆಟ್ಟ ವರ್ಷಗಳು ಯಾವ್ದು ಮೇಡಂ? ಅವನ್ನ ತೋರ್ಸಿ" ಎಂದೆ.

"ಅದನ್ನೆಲ್ಲ ಯಾರೂ ಕೇಳಲ್ಲ" ಎಂದು ನಕ್ಕರು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದುಬಂದೆ.

ನಾಲ್ಕು ಭಾನುವಾರ ಫೋನಿನಲ್ಲಿ ಆ ಫಂಡಿನ ಹಳೆಯ ವರ್ಷಗಳ ಲೆಕ್ಕ ಹುಡುಕುತ್ತ ಕೂತೆ. ಮೊದಲ ಭಾನುವಾರವೇ ಎಡವಟ್ಟು. ಫಂಡನ್ನು ಎಫ್‌ಡಿ ಬಡ್ಡಿಯ ಪಕ್ಕದಲ್ಲಿಟ್ಟು, ಗೆದ್ದಿತೆಂದು ಖುಷಿಯಾಗಿ ಪಾಯಸ ಬೇರೆ ಮಾಡಿಕೊಂಡೆ. ಮರುದಿನ ಕೆಲಸದಲ್ಲಿ ಹನ್ನೆರಡು ಎಂಎಂ ಪಿನ್ನಿಗೆ ಮೈಮರೆತು ಹದಿನಾಲ್ಕರ ಗೇಜು ಎತ್ತಿಕೊಂಡೆ. ಪಿನ್ನು ಸಲೀಸಾಗಿ ತೂರಿಹೋಯಿತು. ನಿಂತಲ್ಲೇ ಹೊಳೆಯಿತು: ಮನೆಯಲ್ಲೂ ನಾನು ಹಿಡಿದದ್ದು ತಪ್ಪು ಗೇಜು. ದೊಡ್ಡ ಕಂಪನಿಗಳ ಫಂಡನ್ನು ಅವೇ ಕಂಪನಿಗಳ ಸೂಚ್ಯಂಕದಿಂದ ಅಳೆಯಬೇಕು, ಅಂದರೆ ಯಾರೂ ಆರಿಸದೆ ಎಲ್ಲವನ್ನೂ ಸುಮ್ಮನೆ ಕೊಂಡಿದ್ದರೆ ಏನಾಗುತ್ತಿತ್ತು ಎಂದು ನೋಡಬೇಕು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಮಾರುಕಟ್ಟೆ ಏರಿದ ವರ್ಷ ಫಂಡು ಒಂದು ಹೆಜ್ಜೆ ಮುಂದೆ. ಬಿದ್ದ ವರ್ಷಗಳಲ್ಲಿ ಸೂಚ್ಯಂಕಕ್ಕಿಂತ ಹೆಚ್ಚು ಬಿದ್ದಿತ್ತು. ಹತ್ತು ವರ್ಷ ಒಟ್ಟಿಗೆ ನೋಡಿದರೆ, ಫಂಡಿನವರು ಕತ್ತರಿಸಿಕೊಂಡ ಖರ್ಚು ಕಳೆದು, ಹಿಂದೆಯೇ ಉಳಿದಿತ್ತು. ಆರಿಸುವ ಜಾಣರಿಗೆ ಸಂಬಳ ಕೊಟ್ಟು ಹಿಂದೆ ಬೀಳುವುದು ಯಾವ ಭಾಗ್ಯ ಎಂದು ಸಿಟ್ಟು ನೆತ್ತಿಗೇರಿತು.

ಶನಿವಾರ ಬ್ಯಾಂಕಿಗೆ ಹೋದಾಗ ಮೇಡಂ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು.

"ಇದು ಬೇಡ ಮೇಡಂ. ಸೂಚ್ಯಂಕದ ಅಷ್ಟೂ ಕಂಪನಿ ಕೊಳ್ಳೋ ಕಡಿಮೆ ಖರ್ಚಿನ ಫಂಡ್ ಇದ್ಯಲ್ಲ, ಅದ್ರ ಫಾರ್ಮ್ ಕೊಡಿ. ಅರ್ಧ ದುಡ್ಡು ಅದಕ್ಕೆ, ಅರ್ಧ ಎಫ್‌ಡಿಗೆ."

"ಅದೂ ಬೀಳುತ್ತೆ."

"ಗೊತ್ತು. ಎಷ್ಟೆಷ್ಟು ಬಿದ್ದಿತ್ತು ಅಂತ ನೋಡ್ಕೊಂಡೇ ಬಂದಿದೀನಿ."

ಹೊಸ ಫಾರ್ಮಿಗೂ ಅವರು ಪೆನ್ಸಿಲ್ ಗುರುತು ಹಾಕಲು ಹೊರಟರು. ತಡೆದು, ಕುರ್ಚಿ ಎಳೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದೆ. ಹಿಂದೆ ಜನ ಸೇರಿದ್ದರು. "ಬೇಗ ಸೈನ್ ಹಾಕಿ ಅಕ್ಕ, ಲಂಚ್ ಟೈಮ್ ಆಗೋಗುತ್ತೆ" ಎಂದರು ಯಾರೋ. ಈ ಸಲ ಲಾರಿ ಕಾಯಲಿ ಎಂದುಕೊಂಡೆ. ಕೊನೆಯ ಪುಟ ಮುಗಿಯುವವರೆಗೂ ಪೆನ್ನು ಮುಟ್ಟಲಿಲ್ಲ.