ಹಿಂದಿನ ಗಾಡಿಯವನಿಗೆ ಕಾಣದ ಕೈ

ನಮ್ಮ ಯಜಮಾನರು ಉಪ್ಪಳದಿಂದ ಮಂಗಳೂರಿಗೆ ಬಸ್ಸು ಓಡಿಸುತ್ತಿದ್ದರು. ಐವತ್ತರ ದಶಕದ ಮೊದಲ ವರ್ಷಗಳು. ಬಸ್ಸಿನ ಹಿಂದೆ ಕೆಂಪು ದೀಪವೊಂದು ಇತ್ತಾದರೂ ಅದು ಉರಿದದ್ದನ್ನು ಕಂಡವರಿಲ್ಲ. ನಿಧಾನ ಮಾಡುವ ಮೊದಲು ಡ್ರೈವರು ಬಲಗೈಯನ್ನು ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಬೇಕು. ಹಿಂದಿನ ಗಾಡಿಗೆ ಅದೊಂದೇ ಎಚ್ಚರಿಕೆ.

ಆಟಿ ತಿಂಗಳ ಒಂದು ಮಧ್ಯಾಹ್ನ ಜಡಿಮಳೆ. ಬಸ್ಸಿನ ಬದಿಗೆ ಗಾಜಿರಲಿಲ್ಲ. ಹಸುಗೂಸನ್ನು ಎತ್ತಿಕೊಂಡ ಬಾಳಂತಿಯೊಬ್ಬಳು ಇವರ ಬೆನ್ನ ಹಿಂದೆಯೇ ಕೂತಿದ್ದಳು. ಮಗು ಒದ್ದೆಯಾಗುತ್ತದೆಂದು ಇವರು ತಮ್ಮ ಬದಿಯ ಟರ್ಪಾಲನ್ನೂ ಇಳಿಸಿ ಕಟ್ಟಿದರು. ಮುಂದೆ ತಿರುವಿನಲ್ಲಿ ಎತ್ತಿನಗಾಡಿಯೊಂದು ಅಚ್ಚು ಮುರಿದು ಅಡ್ಡ ಬಿದ್ದಿತ್ತು. ಬ್ರೇಕು ತುಳಿದು ಕೈ ಹೊರಗೆ ಹಾಕಲು ಹೋದರೆ ಟರ್ಪಾಲು ತಡೆಯಿತು. ಹಿಂದೆ ಹಂಚು ತುಂಬಿದ ಲಾರಿ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಇವರ ಜೊತೆಗೇ ಗಾಡಿ ಕಲಿತ ಗೆಳೆಯ. ಬಸ್ಸಿಗೆ ಗುದ್ದಬಾರದೆಂದು ಅವನು ಲಾರಿಯನ್ನು ಎಡಕ್ಕೆ ಎಳೆದ. ಅದು ರಸ್ತೆಬದಿಯ ಹೊಂಡಕ್ಕೆ ಮಗುಚಿತು. ಬಸ್ಸಿನಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಅವನು ಅಲ್ಲೇ ತೀರಿಕೊಂಡ.

ಇದನ್ನೆಲ್ಲ ನನಗೆ ಹೇಳಿದ್ದು ಕಂಡಕ್ಟರ್. ಇವರು ಕೆಲಸಕ್ಕೆ ಹೋಗುವುದನ್ನೇ ಬಿಟ್ಟರು. ಜಗಲಿಯಲ್ಲಿ ಕೂತಿದ್ದಾಗ ಬಲಗೈ ತಾನಾಗಿ ಬದಿಗೆ ಚಾಚಿ ಮೇಲೆ ಕೆಳಗೆ ಆಡುತ್ತಿತ್ತು. ಅಂಗಳದಲ್ಲಿ ನಡೆಯುತ್ತಿದ್ದಾಗಲೂ ನಿಲ್ಲುವ ಮೊದಲು ಹಾಗೆಯೇ.

"ಯಾರಿಗೆ ತೋರಿಸುವುದು? ಹಿಂದೆ ಯಾರೂ ಇಲ್ಲವಲ್ಲ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿನಗೆ ಲಾರಿಯ ಸದ್ದು ಕೇಳುವುದಿಲ್ವಾ? ಲೋಡು ಉಂಟು ಅದರಲ್ಲಿ. ಕೂಡಲೇ ನಿಲ್ಲುವುದಿಲ್ಲ."

ಹಾಡುಹಗಲಿನ ಮಾತಿದು. ಅಂದಿನಿಂದ ಒಲೆಯ ಮುಂದೆ ಕೂತು ನಾನೂ ಕಿವಿಗೊಡತೊಡಗಿದೆ.

ಮಳೆಗಾಲ ಮುಗಿದ ಮೇಲೆ ಗೆಳೆಯನ ತಾಯಿ ವರ್ಕಾಡಿಯಿಂದ ಬಂದರು. ಇವರು ಒಳಗೆ ಹೋಗಲು ಎದ್ದರು.

"ಕೂತ್ಕೋ ಮಗಾ. ಆ ಬಾಳಂತಿಯ ಮಗು ಹೇಗುಂಟು?"

"ಚೆಂದ ಉಂಟಂತೆ ಅಮ್ಮ."

"ನೀನು ನೋಡ್ಲಿಲ್ವಾ?"

"ಇಲ್ಲ."

"ನಾನು ಹೋಗಿ ನೋಡಿದೆ. ತೊಡೆಯಲ್ಲಿ ಮಲಗಿಸಿಕೊಂಡೆ. ಹುಡುಗಿ. ನೀನೂ ಒಮ್ಮೆ ಹೋಗು, ನನಗೋಸ್ಕರ."

ಇವರು ಅತ್ತದ್ದನ್ನು ನಾನು ಕಂಡದ್ದು ಆಗಲೇ. ಆ ತಾಯಿ ನಮ್ಮಲ್ಲೇ ಗಂಜಿ ಉಂಡು ಹೋದರು.

ಮುಂದಿನ ವಾರ ಇವರು ಬಸ್ಸಿಗೆ ಮರಳಿದರು. ಮಗುವನ್ನು ನೋಡಲು ಮಾತ್ರ ಹೋಗಲಿಲ್ಲ. ನಾನು ನೆನಪಿಸಿದಾಗಲೆಲ್ಲ ನಾಳೆ ಎನ್ನುತ್ತಿದ್ದರು. ಆ ಹುಡುಗಿ ಬೆಳೆದು ತಾಯಿಯ ಕೈ ಹಿಡಿದು ಅದೇ ಬಸ್ಸು ಹತ್ತುತ್ತಿದ್ದಳಂತೆ. ಅವಳು ಇಳಿಯುವವರೆಗೆ ಇವರು ಒಮ್ಮೆಯೂ ಹಿಂದೆ ತಿರುಗುತ್ತಿರಲಿಲ್ಲವೆಂದು ಕಂಡಕ್ಟರ್ ಹೇಳಿದ.